ಸಂಪಾದಕರ ಉತ್ತರ: ಕಾಮಿಕ್ಸ್ ಹುಡುಗರ ಜಗಳ

ಪ್ರಿಯ ಓದುಗರೇ,

ನಮಸ್ಕಾರ. ನಿಮ್ಮ ಪತ್ರದಲ್ಲಿ ಸಿಟ್ಟಿದೆ, ಸಿಟ್ಟಿಗೆ ಕಾರಣವನ್ನೂ ಬಿಡಿಸಿ ಹೇಳಿದ್ದೀರಿ. ಅದಕ್ಕೇ ಉದ್ದದ ಉತ್ತರ ಬರೆಯುತ್ತಿದ್ದೇನೆ. ಪತ್ರ ಓದದವರಿಗೆ ವಿಷಯ ಇಷ್ಟು: ಕಳೆದ ಸಂಚಿಕೆಯಲ್ಲಿ ಕೆವಿನ್ ಸ್ಮಿತ್ ಅವರ 1997ರ ಅಮೆರಿಕನ್ ಸಿನಿಮಾ 'ಚೇಸಿಂಗ್ ಏಮಿ' ನೋಡಿ ಎಂದು ಬರೆದಿದ್ದೆವು. ಕಾಮಿಕ್ಸ್ ಮಾಡುವ ಹೋಲ್ಡನ್, ಅವನ ಜೊತೆಗಾರ ಬ್ಯಾಂಕಿ, ಹೋಲ್ಡನ್ ಮನಸೋತ ಅಲಿಸ್ಸಾ ಎಂಬ ಹುಡುಗಿ, ಇವರ ಕಥೆ ಅದು. ನೀವು ನೋಡಿದಿರಿ, ಬೇಸರಪಟ್ಟಿರಿ. ಬರೀ ಮಾತು, ಅದೂ ಹೊಲಸು ಮಾತು ಅಂತೀರಿ. ಕಪ್ಪು ಜನರ ಅವಮಾನ, ಸಲಿಂಗಿಗಳ ಬದುಕು, ಇಂಥ ದೊಡ್ಡ ವಿಷಯಗಳನ್ನು ಸ್ಟಾರ್ ವಾರ್ಸ್ ಎಂಬ ಬಾಹ್ಯಾಕಾಶ ಸಾಹಸದ ಸಿನಿಮಾ ಸರಣಿಯ ಬಗ್ಗೆ ಕಿತ್ತಾಡುವ ಹುಡುಗರ ಬಾಯಿಗೆ ಕೊಟ್ಟು ಹಗುರ ಮಾಡಿದ್ದಾರೆ ಅಂತೀರಿ. ದುಡ್ಡು ಕಮ್ಮಿ ಇತ್ತು ಅನ್ನುವುದು ಬರೀ ನೆಪ ಅಲ್ವಾ ಅಂತಲೂ ಕೇಳಿದ್ದೀರಿ.

ಮೊದಲು ಆ ಕಾಮಿಕ್ಸ್ ಮೇಳದ ದೃಶ್ಯವನ್ನೇ ತೆಗೆದುಕೊಳ್ಳೋಣ. ವೇದಿಕೆಯ ಮೇಲೆ ಹೂಪರ್ ಎಂಬ ಕಪ್ಪು ಚಿತ್ರಕಾರ ಕೂತಿದ್ದಾನೆ. ಬಾಹ್ಯಾಕಾಶದ ಕಥೆಗಳಲ್ಲಿ ನಮ್ಮವರಿಗೆ ಜಾಗ ಎಲ್ಲಿದೆ ಎಂದು ಗುಡುಗುತ್ತಾನೆ. ಸಭೆಯಲ್ಲಿದ್ದ ಬ್ಯಾಂಕಿ ಎದ್ದು, ಸ್ಟಾರ್ ವಾರ್ಸ್‌ನಲ್ಲಿ ಲ್ಯಾಂಡೋ ಎಂಬ ಕಪ್ಪು ಪಾತ್ರ ಇಲ್ವಾ ಅನ್ನುತ್ತಾನೆ. ಹೂಪರ್ ಇನ್ನೂ ಕೆರಳುತ್ತಾನೆ. ಇಡೀ ಬ್ರಹ್ಮಾಂಡದಲ್ಲೇ ಕಪ್ಪಾದವನು ಕಪ್ಪು ಕವಚ, ಕಪ್ಪು ಮುಖವಾಡದ ಡಾರ್ಥ್ ವೇಡರ್, ಅವನನ್ನು ಖಳನಾಯಕ ಮಾಡಿದಿರಿ; ಕೊನೆಗೆ ಮುಖವಾಡ ತೆಗೆದರೆ ಒಳಗೆ ಒಬ್ಬ ಸೊರಗಿದ ಬಿಳಿಯ ಮುದುಕ, ಅಂದರೆ ನಾವೆಲ್ಲ ಒಳಗೊಳಗೆ ಬಿಳಿಯರಾಗಲು ಹಂಬಲಿಸುತ್ತೇವೆ ಅಂತ ತಾನೇ ನಿಮ್ಮ ಅರ್ಥ? ಇದು ಅವನ ವಾದ.

ಕೇಳಿದರೆ ಹುಡುಗಾಟ ಅನ್ನಿಸುತ್ತದೆ. ಆದರೆ ಸ್ವಲ್ಪ ನಿಂತು ನೋಡಿ. ವೇಡರ್‌ನ ಆ ಗಂಭೀರ ದನಿ ಜೇಮ್ಸ್ ಅರ್ಲ್ ಜೋನ್ಸ್ ಅವರದು, ಅವರು ಕಪ್ಪು ನಟ. 1983ರ ಸ್ಟಾರ್ ವಾರ್ಸ್ ಸಿನಿಮಾದಲ್ಲಿ ಮುಖವಾಡ ಕಳಚಿದಾಗ ಕಂಡ ಮುಖ ಸೆಬಾಸ್ಟಿಯನ್ ಶಾ ಎಂಬ ಬಿಳಿಯ ಇಂಗ್ಲಿಷ್ ನಟರದು. ದನಿ ಒಬ್ಬರದು, ಮುಖ ಇನ್ನೊಬ್ಬರದು. ಈ ಸಂಗತಿ ಒಬ್ಬ ಪ್ರೊಫೆಸರ್ ಕಣ್ಣಿಗಿಂತ ಮೊದಲು ಅಭಿಮಾನಿಯ ಕಣ್ಣಿಗೆ ಬೀಳುತ್ತದೆ. ಯಾಕೆಂದರೆ ಅವನು ಆ ಸಿನಿಮಾವನ್ನು ಎಷ್ಟೋ ಸಲ ನೋಡಿದ್ದಾನೆ, ಪ್ರೀತಿಸಿದ್ದಾನೆ. ಪ್ರೀತಿಸಿದ ಕಥೆಯಲ್ಲಿ ತನಗೆ ಜಾಗ ಇಲ್ಲ ಅಂತ ಗೊತ್ತಾದಾಗ ಆಗುವ ನೋವು ಇದೆಯಲ್ಲ, ಅದು ಭಾಷಣದಲ್ಲಿ ಬರುವುದಿಲ್ಲ. ಜಗಳದಲ್ಲಿ ಬರುತ್ತದೆ.

ಆ ದೃಶ್ಯದ ಕೊನೆಯನ್ನು ನೀವು ಪತ್ರದಲ್ಲಿ ಬಿಟ್ಟುಬಿಟ್ಟಿದ್ದೀರಿ. ಹೂಪರ್ ಪಿಸ್ತೂಲು ತೆಗೆದು ಬ್ಯಾಂಕಿಗೆ ಗುಂಡು ಹಾರಿಸುತ್ತಾನೆ, ಜನ ಕಿರುಚಿ ಓಡುತ್ತಾರೆ. ಆಮೇಲೆ ನೋಡಿದರೆ ಅದೆಲ್ಲ ನಾಟಕ, ಇಬ್ಬರೂ ಗೆಳೆಯರು. ಹೂಪರ್ ನಿಜದಲ್ಲಿ ಮೆಲುದನಿಯ ಮನುಷ್ಯ, ಸಲಿಂಗಿ. ಅದು ಅಭಿಮಾನಿಗಳಿಗೆ ಗೊತ್ತಾದರೆ ಅವನ ಕಾಮಿಕ್ಸ್ ಮಾರಾಟವಾಗುವುದಿಲ್ಲ, ಅವರಿಗೆ ಬೇಕಾಗಿರುವುದು ಉರಿದುಬೀಳುವ ಹೂಪರ್. ಬಿಳಿಯರ ನಡುವೆ ಕಪ್ಪು, ಕಪ್ಪು ಜನರ ನಡುವೆ ಸಲಿಂಗಿ, ಎರಡು ಕಡೆಯೂ ವೇಷ. ನನ್ನ ಮಟ್ಟಿಗೆ ಇಡೀ ಚಿತ್ರದಲ್ಲಿ ಅತ್ಯಂತ ಆಳವಾದ ಪಾತ್ರ ಇದೇ. ಡ್ವೈಟ್ ಯೂವೆಲ್ ಇದನ್ನು ಮಾಡಿದ ರೀತಿಗೆ ಸಿಗಬೇಕಾದ ಹೆಸರು ಸಿಗಲಿಲ್ಲ ಎಂಬ ಬೇಸರ ನನಗೆ ಈಗಲೂ ಇದೆ. ಇದು ವಿಷಯವನ್ನು ಹಗುರ ಮಾಡುವುದು ಅಂತ ನಿಮಗೆ ನಿಜವಾಗಿಯೂ ಅನ್ನಿಸಿತಾ?

ಸ್ಮಿತ್ ಅವರ ಮೊದಲ ಸಿನಿಮಾ 'ಕ್ಲರ್ಕ್ಸ್'ನಲ್ಲೂ (1994) ಇಂಥದ್ದೇ ಒಂದು ಮಾತುಕತೆ ಇದೆ. ಕಟ್ಟುತ್ತಿರುವಾಗಲೇ ಸ್ಫೋಟವಾದ ಎರಡನೇ ಡೆತ್ ಸ್ಟಾರ್‌ನಲ್ಲಿ, ಅಂದರೆ ಸ್ಟಾರ್ ವಾರ್ಸ್‌ನ ಖಳರ ದೈತ್ಯ ಬಾಹ್ಯಾಕಾಶ ಕೋಟೆಯಲ್ಲಿ, ಪ್ಲಂಬರ್‌ಗಳು, ಕೂಲಿಯವರು ಇದ್ದಿರಬೇಕಲ್ಲ, ಅವರು ಮಾಡಿದ ತಪ್ಪೇನು ಎಂದು ಅಂಗಡಿಯ ಹುಡುಗರು ವಾದಿಸುತ್ತಾರೆ. ಸಾಮಾನು ಕೊಳ್ಳಲು ಬಂದ ಒಬ್ಬ ಗಿರಾಕಿ ನಡುವೆ ಬಾಯಿ ಹಾಕುತ್ತಾನೆ. ಅವನು ಚಾವಣಿ ಕೆಲಸದವನು. ಒಬ್ಬ ರೌಡಿಯ ಮನೆಯ ಕೆಲಸ ಬಂದಿತ್ತು, ದುಡ್ಡು ಜಾಸ್ತಿ ಇತ್ತು, ಆದರೂ ಬೇಡ ಅಂದೆ. ಒಪ್ಪಿಕೊಂಡ ಗೆಳೆಯ ಗುಂಡೇಟು ತಿಂದ ಎಂದು ಹೇಳಿ ಹೋಗುತ್ತಾನೆ. ಯಾರ ಮನೆಗೆ ಕೆಲಸ ಮಾಡಬೇಕು ಅನ್ನುವುದು ಕೂಲಿಯವನಿಗೂ ಇರುವ ನೈತಿಕ ಪ್ರಶ್ನೆ. ಅದು ಸ್ಟಾರ್ ವಾರ್ಸ್ ಹರಟೆಯಿಂದ ಹುಟ್ಟಿಬಂತು.

ದುಡ್ಡಿನ ಮಾತಿಗೆ ಬರುತ್ತೇನೆ. 'ಕ್ಲರ್ಕ್ಸ್' ತಯಾರಾಗಿದ್ದು 27,575 ಡಾಲರಿನಲ್ಲಿ. ಸ್ಮಿತ್ ಕ್ರೆಡಿಟ್ ಕಾರ್ಡ್‌ಗಳ ಮೇಲೆ ಸಾಲ ಮಾಡಿದರು, ತಮ್ಮ ಕಾಮಿಕ್ಸ್ ಸಂಗ್ರಹ ಮಾರಿದರು. ತಾವು ಹಗಲು ಕೆಲಸ ಮಾಡುತ್ತಿದ್ದ ನ್ಯೂಜೆರ್ಸಿಯ ಅಂಗಡಿಯಲ್ಲೇ ರಾತ್ರಿ ಚಿತ್ರೀಕರಣ. ಕಥೆ ಹಗಲಿನದು, ಆದ್ದರಿಂದ ಶಟರ್ ಎಳೆದು, ಬೀಗಕ್ಕೆ ಯಾರೋ ಚೂಯಿಂಗ್ ಗಮ್ ತುಂಬಿದ್ದಾರೆ ಎಂದು ಕಥೆಯಲ್ಲೇ ಒಂದು ಕಾರಣ ಸೇರಿಸಿದರು. ಎರಡನೇ ಸಿನಿಮಾಕ್ಕೆ ಸುಮಾರು 60 ಲಕ್ಷ ಡಾಲರ್ ಸಿಕ್ಕಿತು, ಅದು ಮುಗ್ಗರಿಸಿತು. ಮೂರನೆಯದು 'ಚೇಸಿಂಗ್ ಏಮಿ'. ಹೆಸರಾದ ನಟರನ್ನು ಹಾಕಿಕೊಂಡರೆ ಹೆಚ್ಚು ಹಣ ಕೊಡುತ್ತೇವೆ ಎಂದಿತ್ತು ಬಂಡವಾಳ ಹಾಕುವ ಕಂಪನಿ. ಸ್ಮಿತ್ ತಮ್ಮ ನಟರನ್ನು ಬಿಡಲಿಲ್ಲ, ಎರಡೂವರೆ ಲಕ್ಷ ಡಾಲರಿಗೆ ಒಪ್ಪಿಕೊಂಡರು. ಹೋಲ್ಡನ್ ಪಾತ್ರದ ಬೆನ್ ಆಫ್ಲೆಕ್ ಆಗಿನ್ನೂ ತಾರೆ ಆಗಿರಲಿಲ್ಲ. ಹೀಗೆ ಕಮ್ಮಿ ದುಡ್ಡಿಗೆ ಒಪ್ಪಿಕೊಂಡಿದ್ದರಿಂದಲೇ ಹೂಪರ್‌ನಂಥ ಪಾತ್ರ ಉಳಿಯಿತು ಅಂತ ನಾನು ನಂಬುತ್ತೇನೆ. ದೊಡ್ಡ ಬಂಡವಾಳ ಬಂದರೆ ಮೊದಲು ಕತ್ತರಿ ಬೀಳುವುದು ಇಂಥ ಮಾತುಗಳಿಗೇ. ಹಾಗಾಗಿ ಅದು ನೆಪ ಅನ್ನುವುದನ್ನು ನಾನು ಒಪ್ಪಲಾರೆ.

ಹೊಲಸು ಮಾತು ಇದೆ, ನಿಜ. 'ಕ್ಲರ್ಕ್ಸ್'ಗೆ ಬರೀ ಮಾತಿನ ಕಾರಣಕ್ಕೆ ಅಮೆರಿಕದ ಅತಿ ಕಠಿಣ ಪ್ರಮಾಣಪತ್ರ ಕೊಟ್ಟಿದ್ದರು, ಮೇಲ್ಮನವಿಯಲ್ಲಿ ಅದು ಸಡಿಲವಾಯಿತು. ಮನೆಯವರ ಜೊತೆ ಕೂತು ನೋಡುವ ಸಿನಿಮಾ ಅಲ್ಲ ಎಂಬ ನಿಮ್ಮ ಮಾತು ಸರಿ.

ಇನ್ನೊಂದು ಆಕ್ಷೇಪ ನಿಮ್ಮ ಪತ್ರದ ಕೊನೆಯಲ್ಲಿ ಒಂದೇ ಸಾಲಿನಲ್ಲಿದೆ. ನನಗೆ ಅದೇ ಎಲ್ಲಕ್ಕಿಂತ ಬಲವಾಗಿ ಕಂಡಿತು. ಹೆಂಗಸರನ್ನು ಪ್ರೀತಿಸುವ ಅಲಿಸ್ಸಾ ಕೊನೆಗೆ ಒಬ್ಬ ಗಂಡಸನ್ನು ಪ್ರೀತಿಸಿದಳು, ಗಂಡಸರು ಕಾಣುವ ಹಗಲುಗನಸು ತಾನೇ ಇದು? ಸಿನಿಮಾ ಬಂದಾಗಲೇ ಎಷ್ಟೋ ಜನ ಲೆಸ್ಬಿಯನ್ ಪ್ರೇಕ್ಷಕರು ಇದನ್ನೇ ಕೇಳಿದ್ದರು. ಸಿನಿಮಾ ಹೋಲ್ಡನ್‌ನನ್ನು ಗೆಲ್ಲಿಸುವುದಿಲ್ಲ, ಅವಳ ಹಿಂದಿನ ಬದುಕನ್ನು ಸಹಿಸಲಾಗದೆ ಅವನೇ ಅವಳನ್ನು ಕಳೆದುಕೊಳ್ಳುತ್ತಾನೆ. ಆದರೂ ಕಥೆ ಉದ್ದಕ್ಕೂ ಅವನ ಕಣ್ಣಿನಿಂದಲೇ ಕಾಣುತ್ತದೆ, ಅವಳ ಗೆಳತಿಯರಿಗೆ ಸಿಗುವ ಜಾಗ ತೀರಾ ಕಮ್ಮಿ. ಈ ಕೊರತೆಯನ್ನು ನಾನು ಸಮರ್ಥಿಸುವುದಿಲ್ಲ.

ಅದಕ್ಕೇ ನಿಮಗೆ ಇನ್ನೊಂದು ಸಿನಿಮಾ ಹೇಳುತ್ತೇನೆ. 2023ರ ಸಾಕ್ಷ್ಯಚಿತ್ರ 'ಚೇಸಿಂಗ್ ಚೇಸಿಂಗ್ ಏಮಿ'. ನಿರ್ದೇಶಕ ಸಾವ್ ರಾಜರ್ಸ್ ಕನ್ಸಾಸ್‌ನಲ್ಲಿ ಬೆಳೆದ ಟ್ರಾನ್ಸ್ ವ್ಯಕ್ತಿ. ಶಾಲೆಯ ದಿನಗಳ ಹಿಂಸೆಯಲ್ಲಿ ತನ್ನನ್ನು ಉಳಿಸಿದ್ದು ಇದೇ ಸಿನಿಮಾ ಅನ್ನುತ್ತಾರೆ. ಅದಕ್ಕೆ ಒಂದು ಗೌರವ ಸಲ್ಲಿಸೋಣ ಎಂದು ಹೊರಟವರು ಅವರು. ಅಲಿಸ್ಸಾ ಪಾತ್ರ ಮಾಡಿದ ಜೋಯಿ ಲಾರೆನ್ ಆಡಮ್ಸ್ ಎದುರು ಕೂತಾಗ, ಆ ಕಾಲ ತನಗೆ ಎಷ್ಟು ಕಷ್ಟದ್ದಾಗಿತ್ತು ಎಂದು ಆಕೆ ಮುಚ್ಚುಮರೆ ಇಲ್ಲದೆ ಹೇಳುತ್ತಾರೆ. ಅಭಿಮಾನಿಗೆ ಕೇಳಲು ಕಷ್ಟವಾದ ಮಾತು. ರಾಜರ್ಸ್ ಅದನ್ನು ಕತ್ತರಿಸಲಿಲ್ಲ. ನೋಡಿ, ಆಮೇಲೆ ಇನ್ನೊಂದು ಪತ್ರ ಬರೆಯಿರಿ. ಆಗಲೂ ಒಪ್ಪಿಗೆಯಾಗದಿದ್ದರೆ ಅದನ್ನೂ ಪೂರ್ತಿ ಅಚ್ಚು ಹಾಕುತ್ತೇವೆ.

ನಿಮ್ಮ,
ಸಂಪಾದಕ