ಸಂಘಕ್ಕೆ ಸೇರಬಹುದು, ಮುಯ್ಯಿಗೆ ಸೇರೋಕಾಗುತ್ತಾ?

ಪ್ರಶ್ನೆ: ನಾನು ಮೊದಲ ವರ್ಷದ ಬಿ.ಎ. ವಿದ್ಯಾರ್ಥಿನಿ. ಸಮುದಾಯ, ಸಂಘ, ಸಂಸ್ಥೆ ಮೂರರ ವ್ಯಾಖ್ಯೆಯೂ ಬಾಯಿಪಾಠ ಆಗಿದೆ. ಟೆಸ್ಟ್‌ನಲ್ಲಿ ‘ಸಂಸ್ಥೆಗೆ ನಿಮ್ಮ ಊರಿನ ಉದಾಹರಣೆ ಕೊಡಿ’ ಅಂತ ಕೇಳಿದ್ದರು. ಹಾಲಿನ ಡೈರಿ ಅಂತ ಬರೆದೆ. ಸೊನ್ನೆ ಬಂತು. ಡೈರಿ ಸಹಕಾರಿ ಸಂಸ್ಥೆ ತಾನೆ ಸರ್?
(ಓದುಗರೊಬ್ಬರು, ಪಾಂಡವಪುರ ತಾಲ್ಲೂಕು)

ಉತ್ತರ: ನಿಮ್ಮ ತಪ್ಪಿಗೆ ಅರ್ಧ ಕಾರಣ ಆ ಪದವೇ. ದಿನಬಳಕೆಯಲ್ಲಿ ಸಂಸ್ಥೆ ಅಂದರೆ ಬೋರ್ಡು, ಕಚೇರಿ, ನೌಕರರು ಇರುವಂಥದ್ದು. ವಿದ್ಯಾಸಂಸ್ಥೆ, ಸಾರಿಗೆ ಸಂಸ್ಥೆ ಅನ್ನುತ್ತೇವಲ್ಲ, ಹಾಗೆ. ಸಮಾಜಶಾಸ್ತ್ರ ಇದೇ ಪದವನ್ನು ಬೇರೆ ಅರ್ಥಕ್ಕೆ ಇಟ್ಟುಕೊಂಡಿದೆ. ಅಲ್ಲಿ ಸಂಸ್ಥೆ ಜನರ ಗುಂಪಲ್ಲ, ಜನ ತಮ್ಮತಮ್ಮಲ್ಲಿ ನಡೆದುಕೊಳ್ಳುವ ಬೇರುಬಿಟ್ಟ ಕ್ರಮ. ಮೂವತ್ತು ವರ್ಷ ಪಾಠ ಮಾಡಿದ ನನಗೆ ಪ್ರತಿ ವರ್ಷವೂ ಇದೇ ಉತ್ತರ ಸಿಗುತ್ತಿತ್ತು. ಅದಕ್ಕೆ ಸೊನ್ನೆ ಹಾಕುವುದು ಸರಿ ಅಂತ ನನಗೆ ಯಾವತ್ತೂ ಅನಿಸಲಿಲ್ಲ. ಗೊಂದಲ ಎಲ್ಲಿದೆ ಅಂತ ತೋರಿಸಿಕೊಡುವುದು ಮೇಷ್ಟ್ರ ಕೆಲಸ.

ಸ್ಕಾಟ್ಲೆಂಡಿನಲ್ಲಿ ಹುಟ್ಟಿದ ಸಮಾಜಶಾಸ್ತ್ರಜ್ಞ ಮೆಕೈವರ್ ಇದಕ್ಕೊಂದು ಸುಲಭದ ಒರೆಗಲ್ಲು ಕೊಟ್ಟಿದ್ದಾರೆ. ಸಂಘಕ್ಕೆ ನಾವು ಸದಸ್ಯರಾಗಬಹುದು, ಸಂಸ್ಥೆಗೆ ಆಗಲಾರೆವು. ಅದನ್ನು ನಿಮ್ಮ ಡೈರಿಗೆ ಹಚ್ಚಿ ನೋಡಿ. ಅದು ಹಾಲು ಉತ್ಪಾದಕರ ಸಹಕಾರ ಸಂಘ. ಷೇರು ಕಟ್ಟಿ ಸದಸ್ಯರಾಗುತ್ತೀರಿ. ಅಧ್ಯಕ್ಷರಿದ್ದಾರೆ, ಕಾರ್ಯದರ್ಶಿ ಇದ್ದಾರೆ, ಹಸು ಮಾರಿದ ಮೇಲೆ ಹಾಲು ಹಾಕುವುದು ಬಿಟ್ಟರೂ ಯಾರೂ ಕೇಳುವುದಿಲ್ಲ. ಒಂದು ಉದ್ದೇಶಕ್ಕಾಗಿ ಜನ ಕಟ್ಟಿಕೊಂಡದ್ದು. ಆದ್ದರಿಂದ ಸಂಘ.

ಈಗ ಮುಯ್ಯಿ ನೋಡಿ. ಮದುವೆ ಮನೆಯಲ್ಲಿ ಒಬ್ಬರು ನೋಟ್‌ಬುಕ್ ಹಿಡಿದು ಕೂತಿರುತ್ತಾರೆ. ಯಾರು ಎಷ್ಟು ಹಾಕಿದರು ಅಂತ ಹೆಸರು, ಊರು ಸಮೇತ ಬರೆಯುತ್ತಾರೆ. ಆ ಪುಸ್ತಕ ಹತ್ತು, ಹದಿನೈದು ವರ್ಷ ಬೀರುವಿನಲ್ಲಿ ಭದ್ರವಾಗಿರುತ್ತದೆ. ಅವರ ಮನೆಯಲ್ಲಿ ಮದುವೆ ಬಂದಾಗ ಅಮ್ಮ ಅದನ್ನು ತೆಗೆಸಿ, ‘ಅವ್ರು ನಮ್ಗೆ ಎಷ್ಟ್ ಹಾಕವ್ರೆ ನೋಡು’ ಅಂತಾರೆ. ಅಷ್ಟೇ ಹಾಕಿದರೆ ಚೆಂದವಲ್ಲ, ಒಂದಿಷ್ಟು ಮೇಲೆ ಹಾಕಬೇಕು. ಈ ಮುಯ್ಯಿಗೆ ಕಚೇರಿ ಇಲ್ಲ, ಅಧ್ಯಕ್ಷರಿಲ್ಲ, ಬೈಲಾ ಇಲ್ಲ. ಅದರ ಸದಸ್ಯರು ಅಂತ ಯಾರೂ ಇಲ್ಲ. ಆದರೂ ಅದರಿಂದ ಹೊರಗಿರುವುದು ಎಷ್ಟು ಕಷ್ಟ ಅಂದರೆ, ಬೇಡ ಅನ್ನುವವರು ಲಗ್ನಪತ್ರಿಕೆಯ ಕೊನೆಯಲ್ಲಿ ‘ನಿಮ್ಮ ಆಶೀರ್ವಾದವೇ ಉಡುಗೊರೆ’ ಅಂತ ಅಚ್ಚು ಹಾಕಿಸಬೇಕಾಗುತ್ತದೆ. ಹಾಗೆ ಹಾಕಿಸಿದರೂ ಕೈಯಲ್ಲಿ ಕವರ್ ಹಿಡಿದೇ ಬರುತ್ತಾರೆ. ಇದು ಸಂಸ್ಥೆ. ನಾಟಿ ಕಾಲದ ಮುಯ್ಯಾಳು ಕೂಡ ಇದರದೇ ಬಳಗ. ಇವತ್ತು ನನ್ನ ಗದ್ದೆಗೆ ನೀವು, ನಾಳೆ ನಿಮ್ಮ ಗದ್ದೆಗೆ ನಾನು.

ಮದುವೆ ಸಂಸ್ಥೆ, ಕುಟುಂಬ ಸಂಘ ಅಂತ ಪುಸ್ತಕದಲ್ಲಿ ಓದಿ ವಿಚಿತ್ರ ಅನಿಸಿರಬೇಕು. ಮುಯ್ಯಿಯನ್ನು ಪಕ್ಕದಲ್ಲಿಟ್ಟುಕೊಂಡು ಮತ್ತೆ ಓದಿ. ಕುಟುಂಬದಲ್ಲಿ ನೀವೊಬ್ಬ ಸದಸ್ಯೆ. ಮದುವೆ ಅನ್ನುವುದಕ್ಕೆ ಯಾರೂ ಸದಸ್ಯರಲ್ಲ, ಅದೊಂದು ಕಟ್ಟುಪಾಡು.

ಇನ್ನು ಸಮುದಾಯ. ಒಂದು ನೆಲೆ, ಅಲ್ಲಿ ಬಾಳುವ ಜನ, ‘ನಾವು’ ಅನ್ನುವ ಭಾವ, ಇಷ್ಟು ಇರಬೇಕು. ಅದಕ್ಕೇ ಹಳ್ಳಿಯನ್ನು ಎಲ್ಲ ಪುಸ್ತಕಗಳೂ ಉದಾಹರಣೆ ಕೊಡುತ್ತವೆ. ನೀವು ಬರೆಯುವಾಗ ಒಂದು ಹೆಜ್ಜೆ ಮುಂದೆ ಹೋಗಿ. ನಿಮ್ಮ ಊರಿನ ಹಿರಿಯರು ‘ಊರೋರೆಲ್ಲ ಸೇರಿ ತೀರ್ಮಾನ ಮಾಡಿದ್ವಿ’ ಅಂದಾಗ, ಆ ‘ಊರೋರು’ ಅನ್ನುವುದರಲ್ಲಿ ಕೇರಿಯವರು ಇದ್ದರೇ? ಈ ಪ್ರಶ್ನೆ ಕೇಳಿಕೊಂಡ ದಿನ ವ್ಯಾಖ್ಯೆ ಬಾಯಿಪಾಠ ಮಾಡುವ ಅಗತ್ಯ ಉಳಿಯುವುದಿಲ್ಲ.

ಪ್ರಶ್ನೆ: ನಮ್ಮ ಅತ್ತಿಗೆ ಗ್ರಾಮ ಪಂಚಾಯ್ತಿ ಅಧ್ಯಕ್ಷೆ. ಸಭೆಗೆ ಹೋಗುವುದು, ಮಾತಾಡುವುದು ಎಲ್ಲ ಅಣ್ಣ. ಅತ್ತಿಗೆ ಸಹಿ ಹಾಕುತ್ತಾರೆ ಅಷ್ಟೆ. ಓದಿದವರು, ಆದರೂ ಧೈರ್ಯ ಇಲ್ಲ. ಇದಕ್ಕೆ ಅವರ ಸ್ವಭಾವವೇ ಕಾರಣವೇ?
(ಓದುಗರೊಬ್ಬರು, ನಾಗಮಂಗಲ)

ಉತ್ತರ: ಸ್ವಭಾವ ಅಂತ ಹೇಳಿ ಮುಗಿಸಬೇಡಿ, ದಯವಿಟ್ಟು. ಅಂತಸ್ತು ಮತ್ತು ಪಾತ್ರ ಅಂತ ಎರಡು ಪರಿಕಲ್ಪನೆಗಳಿವೆ. ಅಮೆರಿಕದ ಮಾನವಶಾಸ್ತ್ರಜ್ಞ ರಾಲ್ಫ್ ಲಿಂಟನ್ 1936ರಲ್ಲಿ ಇವನ್ನು ಬಿಡಿಸಿ ಹೇಳಿದರು. ಸಮಾಜದಲ್ಲಿ ಒಬ್ಬರಿಗಿರುವ ಜಾಗ, ಅದಕ್ಕೆ ಅಂಟಿಕೊಂಡ ಹಕ್ಕು ಬಾಧ್ಯತೆಗಳು ಅಂತಸ್ತು. ಆ ಹಕ್ಕು ಬಾಧ್ಯತೆಗಳನ್ನು ನಡೆಸಿ ತೋರಿಸುವುದು ಪಾತ್ರ. ನಿಮ್ಮ ಮನೆಯಲ್ಲಿ ಅಂತಸ್ತು ಅತ್ತಿಗೆಯದು, ಪಾತ್ರ ಅಣ್ಣನದು.

ಅಂತಸ್ತನ್ನು ಕಾನೂನು ಕೊಡಬಲ್ಲದು. ಕರ್ನಾಟಕ ಈ ವಿಷಯದಲ್ಲಿ ದೇಶಕ್ಕಿಂತ ಮುಂದಿತ್ತು. 1983ರ ಕಾಯ್ದೆಯಂತೆ 1987ರಲ್ಲಿ ನಡೆದ ಮಂಡಲ ಪಂಚಾಯ್ತಿ ಚುನಾವಣೆಯಲ್ಲೇ ಶೇ 25ರಷ್ಟು ಸ್ಥಾನ ಮಹಿಳೆಯರಿಗಿತ್ತು, ಈಗ ಅದು ಶೇ 50. ಪಾತ್ರ ಮಾತ್ರ ಕಾನೂನಿನಿಂದ ಬರುವಂಥದ್ದಲ್ಲ. ಎದುರಿಗಿರುವವರೂ ಅದಕ್ಕೆ ಒಪ್ಪಬೇಕು. ಪಿಡಿಒ ಫೋನ್ ಮಾಡುವುದು ಯಾರ ನಂಬರಿಗೆ? ಮನೆಗೆ ಅರ್ಜಿ ತಂದವರು ‘ಅಣ್ಣ ಇಲ್ವಾ’ ಅಂತ ಕೇಳುತ್ತಾರೋ, ಅಧ್ಯಕ್ಷರನ್ನೇ ಕೇಳುತ್ತಾರೋ? ಮಾವನವರ ಎದುರು ಕುರ್ಚಿ ಮೇಲೆ ಕೂರಬಾರದು ಅಂತ ಕಲಿತ ಸೊಸೆ, ಅದೇ ಮಾವನವರು ಮುಂದಿನ ಸಾಲಿನಲ್ಲಿ ಕೂತ ಗ್ರಾಮಸಭೆಯಲ್ಲಿ ಅಧ್ಯಕ್ಷರ ಕುರ್ಚಿಯಲ್ಲಿ ಹೇಗೆ ಕೂರಬೇಕು? ಸೊಸೆಯ ಪಾತ್ರ ಒಂದು ಕಡೆ ಎಳೆಯುತ್ತದೆ, ಅಧ್ಯಕ್ಷೆಯ ಪಾತ್ರ ಇನ್ನೊಂದು ಕಡೆ. ಇದಕ್ಕೆ ಪಾತ್ರ ಸಂಘರ್ಷ ಅನ್ನುತ್ತಾರೆ.

ಒಬ್ಬ ಹೆಣ್ಣುಮಗಳಿಗೆ ಧೈರ್ಯ ಇಲ್ಲದಿದ್ದರೆ ಅದು ಅವಳೊಬ್ಬಳ ಕಥೆ. ಊರೂರಲ್ಲೂ ‘ಅಧ್ಯಕ್ಷರ ಯಜಮಾನ್ರು’ ಅನ್ನುವ ಇಲ್ಲದ ಹುದ್ದೆ ಹುಟ್ಟಿಕೊಂಡಿದ್ದರೆ ಅದು ಸಮಾಜದ ರಚನೆಯ ಪ್ರಶ್ನೆ. ಅಮೆರಿಕದ ಸಮಾಜಶಾಸ್ತ್ರಜ್ಞ ಸಿ. ರೈಟ್ ಮಿಲ್ಸ್ 1959ರಲ್ಲಿ ಖಾಸಗಿ ತೊಂದರೆ ಬೇರೆ, ಸಾರ್ವಜನಿಕ ಸಮಸ್ಯೆ ಬೇರೆ ಎಂದು ಗುರುತಿಸಿ, ಎರಡರ ನಂಟನ್ನು ಕಾಣುವುದೇ ಸಮಾಜಶಾಸ್ತ್ರದ ಕಣ್ಣು ಎಂದರು. ಮುಂದಿನ ಸಭೆಗೆ ಅಣ್ಣನನ್ನು ಮನೆಯಲ್ಲಿ ಉಳಿಸಿಕೊಳ್ಳಿ. ಅತ್ತಿಗೆಯನ್ನು ಬೈಕಿನಲ್ಲಿ ಬಿಟ್ಟು ಬರುವ ಕೆಲಸ ನಿಮ್ಮದಾಗಲಿ.

ಪ್ರಶ್ನೆ: ನಮ್ಮದು ನಾಲೆ ಬಯಲಿನ ಊರು. ಕಬ್ಬಿನ ದುಡ್ಡು ಬಂತು, ತಾರಸಿ ಮನೆ, ಟ್ರ್ಯಾಕ್ಟರು ಎಲ್ಲ ಬಂದವು. ಊರ ನಡವಳಿಕೆ ಮಾತ್ರ ತಾತನ ಕಾಲದ್ದೇ. ಆಚೆ ಕಡೆಯ ಒಣಭೂಮಿ ಊರಿನವರು ಎಲ್ಲದರಲ್ಲೂ ನಮಗಿಂತ ಬೇಗ ಬದಲಾದರು. ದುಡ್ಡು ಬಂದರೆ ಸಮಾಜ ಬದಲಾಗುತ್ತದೆ ಅನ್ನುವುದು ಸುಳ್ಳೇ?
(ಓದುಗರೊಬ್ಬರು, ಮಂಡ್ಯ ತಾಲ್ಲೂಕು)

ಉತ್ತರ: ಈ ಪತ್ರ ಓದಿ ನನಗೆ ರೋಮಾಂಚನವಾಯಿತು. ಇದೇ ಪ್ರಶ್ನೆಯನ್ನು ಇದೇ ಮಂಡ್ಯದ ಮಣ್ಣಿನಲ್ಲಿ ಕೇಳಿ, ಜಗತ್ತಿನ ಸಮಾಜಶಾಸ್ತ್ರಕ್ಕೆ ಉತ್ತರ ಕೊಟ್ಟ ಮಹಿಳೆ ಒಬ್ಬರಿದ್ದರು. ಸ್ಕಾರ್ಲೆಟ್ ಎಪ್‌ಸ್ಟೈನ್. 1922ರಲ್ಲಿ ವಿಯೆನ್ನಾದಲ್ಲಿ ಹುಟ್ಟಿ, ಇಂಗ್ಲೆಂಡಿಗೆ ನಿರಾಶ್ರಿತರಾಗಿ ಹೋಗಿ, ಮ್ಯಾಂಚೆಸ್ಟರಿನಲ್ಲಿ ಓದಿದವರು. 1954ರಿಂದ 1956ರವರೆಗೆ ಮಂಡ್ಯದ ಹತ್ತಿರದ ಎರಡು ಹಳ್ಳಿಗಳಲ್ಲಿ ಕ್ಷೇತ್ರಕಾರ್ಯ ಮಾಡಿದರು. ಊರಿನವರ ಗುಟ್ಟು ಕಾಯಲು ನಿಜವಾದ ಹೆಸರು ಬಿಟ್ಟು ಒಂದನ್ನು ವಂಗಲ, ಇನ್ನೊಂದನ್ನು ದಲೇನ ಎಂದು ಕರೆದರು.

ಹಿನ್ನೆಲೆ ನಿಮಗೆ ಗೊತ್ತಿರುವುದೇ. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಯಿತು. ಆಮೇಲೆ ಆಗಿನ ಇರ್ವಿನ್ ನಾಲೆ, ಈಗಿನ ವಿಶ್ವೇಶ್ವರಯ್ಯ ನಾಲೆ ಬಂತು. 1933ರಲ್ಲಿ ಮಂಡ್ಯದ ಸಕ್ಕರೆ ಕಂಪನಿ ಬಂತು. ವಂಗಲದ ಹೊಲಗಳಿಗೆ ನಾಲೆ ನೀರು ಹರಿಯಿತು. ದಲೇನದ ನೆಲ ಎತ್ತರದಲ್ಲಿತ್ತು, ನೀರು ಹತ್ತಲಿಲ್ಲ.

ವಂಗಲದವರು ಬೇಸಾಯಗಾರರಾಗಿದ್ದರು, ನೀರು ಬಂದ ಮೇಲೂ ಬೇಸಾಯಗಾರರಾಗಿಯೇ ಉಳಿದರು. ರಾಗಿಯ ಜೊತೆಗೆ ಕಬ್ಬು, ಭತ್ತ ಬಂತು, ಆದಾಯ ಏರಿತು. ಗದ್ದೆ ಕೆಲಸ ಹೆಚ್ಚಾದಷ್ಟೂ ಆಳುಗಳು ಬೇಕು. ಆದ್ದರಿಂದ ಒಕ್ಕಲು ಮನೆಗೂ ಆದಿಕರ್ನಾಟಕದ ಮನೆಗೂ ತಲೆಮಾರುಗಳಿಂದ ಇದ್ದ ಒಡೆಯ ಮತ್ತು ಹಳೇಮಗ (ವಂಶಪಾರಂಪರ್ಯದ ಆಳು) ಅನ್ನುವ ಸಂಬಂಧ ಮುರಿಯಲಿಲ್ಲ, ಇನ್ನೂ ಗಟ್ಟಿಯಾಯಿತು. ದುಡ್ಡು ಹಳೆಯ ಕಟ್ಟಡಕ್ಕೇ ಸುಣ್ಣ ಬಳಿಯಿತು.

ದಲೇನದವರಿಗೆ ಆ ದಾರಿ ಇರಲಿಲ್ಲ. ನೀರಾವರಿಯ ಲಾಭ ತಮ್ಮೂರ ಬದುವಿನ ಆಚೆಗೇ ನಿಂತಾಗ ಅವರೇ ಅದನ್ನು ಹುಡುಕಿಕೊಂಡು ಹೊರಟರು. ಗಾಡಿ ಕಟ್ಟಿ ಕಬ್ಬು ಸಾಗಿಸಿದರು, ಮಂಡ್ಯದಲ್ಲಿ ಕೆಲಸಕ್ಕೆ ಸೇರಿದರು, ವ್ಯಾಪಾರಕ್ಕಿಳಿದರು, ಬೇರೆ ಊರಿನಲ್ಲಿ ಗದ್ದೆ ಕೊಂಡರು. ಹಿಂದಿನ ಉತ್ತರದಲ್ಲಿ ಪಾತ್ರ ಅಂದೆನಲ್ಲ, ಅದನ್ನು ಇಲ್ಲಿ ನೆನೆಯಿರಿ. ಒಬ್ಬ ಮನುಷ್ಯನಿಗೆ ಒಂದೇ ಪಾತ್ರ ಇದ್ದದ್ದು ನಾಲ್ಕಾಯಿತು. ಪೇಟೆಯಲ್ಲಿ ಕೂಲಿ, ಸಂಬಳ ಅನ್ನುವ ಲೆಕ್ಕ ಕಲಿತವನು ಊರಲ್ಲಿ ಹಳೇಮಗನ ಲೆಕ್ಕ ಇಟ್ಟುಕೊಳ್ಳಲಿಲ್ಲ. ಹಳೆಯ ಸಂಬಂಧಗಳು ಕಳಚಿದವು.

ಅಂದರೆ ಎಷ್ಟು ದುಡ್ಡು ಬಂತು ಅನ್ನುವುದಷ್ಟೇ ನೋಡಿದರೆ ಸಾಲದು, ಯಾವ ದಾರಿಯಲ್ಲಿ ಬಂತು ಅಂತ ನೋಡಬೇಕು. ಮೊದಲಿದ್ದ ಸಂಬಂಧಗಳ ಮೂಲಕವೇ ಬಂದ ದುಡ್ಡು ಅವನ್ನು ಬಲಪಡಿಸುತ್ತದೆ. ಹೊಸ ಸಂಬಂಧಗಳನ್ನು ಬೇಡುವ ದುಡ್ಡು ಹಳೆಯದನ್ನು ಸಡಿಲಿಸುತ್ತದೆ. ಸಾಮಾಜಿಕ ರಚನೆ ಅಂತ ಪುಸ್ತಕದಲ್ಲಿ ಬರುವ ಒಣ ಪದಕ್ಕೆ ಇದಕ್ಕಿಂತ ಜೀವಂತ ವಿವರಣೆ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ಒಂದು ಮಾತು ಸೇರಿಸಬೇಕು. ವಂಗಲದಲ್ಲಿ ಆಳಿಗೆ ಸಿಗುತ್ತಿದ್ದ ಕಾಳು ವರ್ಷ ಚೆನ್ನಾಗಿದ್ದರೂ ಕೆಟ್ಟರೂ ಹೆಚ್ಚುಕಡಿಮೆ ಅಷ್ಟೇ ಇರುತ್ತಿತ್ತು. ಬರ ಬಂದ ವರ್ಷ ಅದು ಜೀವ ಉಳಿಸುವ ಭರವಸೆ. ದಲೇನದಂತೆ ಸಂಬಂಧ ಕಳಚಿದ ಕಡೆ ಆ ಭರವಸೆಯೂ ಹೋಯಿತು. ಇಷ್ಟು ತಿಳಿದ ಮೇಲೂ ಆ ಕಟ್ಟು ಮುರಿದದ್ದೇ ಸರಿ ಅಂತ ನಾನು ಹೇಳುತ್ತೇನೆ. ಹೊಟ್ಟೆಗೆ ಕಾಳು ಕೊಟ್ಟು ತಲೆ ಎತ್ತದಂತೆ ಮಾಡುವ ಭರವಸೆ ಯಾರಿಗೂ ಬೇಡ. ಆದರೆ ಅದು ಅಷ್ಟು ಕಾಲ ಯಾಕೆ ಬಾಳಿತು ಅಂತ ಅರ್ಥವಾಗಬೇಕಾದರೆ ಆ ಕಾಳಿನ ಲೆಕ್ಕವೂ ಗೊತ್ತಿರಬೇಕು.

ಎಪ್‌ಸ್ಟೈನ್ 1970ರಲ್ಲಿ ಮತ್ತೆ ಇದೇ ಎರಡೂ ಹಳ್ಳಿಗಳಿಗೆ ಬಂದು ಅಧ್ಯಯನ ಮಾಡಿದರು. ನಿಮ್ಮ ಊರಿಗೂ ಇಂಥ ಎರಡನೇ ಭೇಟಿ ಬೇಕು. ಅದನ್ನು ನೀವೇ ಮಾಡಬಹುದು.

ಪ್ರಶ್ನೆ: ಬೆಂಗಳೂರು ಸೇರಿದ ನಮ್ಮೂರ ಹುಡುಗರ ವಾಟ್ಸ್‌ಆ್ಯಪ್ ಗ್ರೂಪ್ ಪ್ರಾಥಮಿಕ ಸಮೂಹವೇ?
(ಓದುಗರೊಬ್ಬರು, ಮದ್ದೂರು)

ಉತ್ತರ: ಅಮೆರಿಕದ ಸಮಾಜಶಾಸ್ತ್ರಜ್ಞ ಚಾರ್ಲ್ಸ್ ಕೂಲಿ 1909ರಲ್ಲಿ ಪ್ರಾಥಮಿಕ ಸಮೂಹಕ್ಕೆ ಕುಟುಂಬ, ಆಟದ ಗೆಳೆಯರು, ನೆರೆಹೊರೆ ಎಂದು ಮೂರು ಉದಾಹರಣೆ ಕೊಟ್ಟರು. ಮುಖಾಮುಖಿ ಒಡನಾಟ, ಆತ್ಮೀಯತೆ ಅದರ ಗುರುತು. ನಿಮ್ಮ ಗ್ರೂಪಿನಲ್ಲಿ ಜೊತೆಗೆ ಗೋಲಿ ಆಡಿ ಬೆಳೆದವರಿದ್ದರೆ, ಸಮೂಹ ಹುಟ್ಟಿದ್ದು ಊರಿನಲ್ಲಿ, ಫೋನು ಅದನ್ನು ಉಳಿಸಿಕೊಂಡಿದೆ ಅಷ್ಟೆ. ಬರೀ ಹಬ್ಬದ ಚಂದಾ ಲೆಕ್ಕಕ್ಕೆ ಇನ್ನೂರು ಜನರನ್ನು ಸೇರಿಸಿದ್ದರೆ ಅದು ದ್ವಿತೀಯಕ ಸಮೂಹ.

ಪ್ರಶ್ನೆ: ನಾನು ಮೈಸೂರಿನಲ್ಲೇ ಹುಟ್ಟಿ ಬೆಳೆದವನು. ಕ್ಷೇತ್ರಕಾರ್ಯಕ್ಕೆ ಹಳ್ಳಿ ಹುಡುಕುತ್ತಿದ್ದೇನೆ. ಎಲ್ಲಿಗೆ ಹೋಗಲಿ?
(ಓದುಗರೊಬ್ಬರು, ಮೈಸೂರು)

ಉತ್ತರ: ಹಳ್ಳಿಗೇ ಹೋಗಬೇಕಾಗಿಲ್ಲ. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1916ರಲ್ಲಿ ಹುಟ್ಟಿದ್ದು ನಿಮ್ಮ ಮೈಸೂರಿನಲ್ಲೇ, ಓದಿದ್ದು ಮಹಾರಾಜ ಕಾಲೇಜಿನಲ್ಲಿ. ಸಂಸ್ಕೃತೀಕರಣ (ಕೆಳಗಿನದೆನಿಸಿದ ಜಾತಿಯವರು ಮೇಲಿನವರ ಆಚಾರ ಅನುಸರಿಸಿ ಮೇಲೇರಲು ನೋಡುವುದು), ಪ್ರಬಲ ಜಾತಿ (ಜನಬಲ, ಭೂಮಿಯ ಬಲದಿಂದ ಊರಿನಲ್ಲಿ ಮೇಲುಗೈ ಇರುವ ಜಾತಿ) ಅನ್ನುವ ಪರಿಕಲ್ಪನೆಗಳನ್ನು ಕೊಟ್ಟವರು. ಕಾಲೇಜು ರಸ್ತೆಯ ತಮ್ಮ ಮನೆಯ ಹಿಂದೆಯೇ ಇದ್ದ ಬಂಡಿಕೇರಿಯಲ್ಲಿ ತಮಗೆ ಮೊದಲ ಬಾರಿಗೆ ಬೇರೊಂದು ಸಂಸ್ಕೃತಿ ಎದುರಾಯಿತು ಎಂದು ಅವರು ಬರೆದುಕೊಂಡಿದ್ದಾರೆ. ಆಕ್ಸ್‌ಫರ್ಡ್‌ನಲ್ಲಿ ಓದಿ ಬಂದ ಮೇಲೂ, 1948ರಲ್ಲಿ ಕ್ಷೇತ್ರಕಾರ್ಯಕ್ಕೆ ಆರಿಸಿಕೊಂಡದ್ದು ಮೈಸೂರಿನ ಹತ್ತಿರದ ಕೊಡಗಹಳ್ಳಿಯನ್ನು. ಬರಹದಲ್ಲಿ ಅದು ರಾಮಪುರ.

ನಿಮ್ಮ ಮನೆಯ ಹಿಂದಿನ ಬೀದಿಯಿಂದ ಶುರು ಮಾಡಿ. ಮೊದಲ ವಾರ ಪ್ರಶ್ನಾವಳಿ ಬೇಡ, ಟೀ ಅಂಗಡಿಯಲ್ಲಿ ಕೂತು ನೋಡಿ. ಯಾರು ಯಾರನ್ನು ಅಣ್ಣ ಅಂತಾರೆ, ಯಾರನ್ನು ಸ್ವಾಮಿ ಅಂತಾರೆ, ಯಾರನ್ನು ಬರೀ ಹೆಸರಿಡಿದು ಕರೀತಾರೆ? ಮನೆಗೆಲಸದವರು ಯಾವ ಬಾಗಿಲಿನಿಂದ ಒಳಗೆ ಬರುತ್ತಾರೆ, ಅವರ ಲೋಟ ಎಲ್ಲಿರುತ್ತದೆ? ಕಂಡದ್ದನ್ನು ಅದೇ ರಾತ್ರಿ ಬರೆಯಿರಿ, ನಾಳೆಗೆ ಇಟ್ಟರೆ ಅರ್ಧ ಮರೆತುಹೋಗುತ್ತದೆ. ಬರೆದ ಪ್ರತಿ ಪುಟದ ಫೋಟೊ ತೆಗೆದು ಬೇರೆ ಕಡೆ ಇಡಿ. 1970ರ ಏಪ್ರಿಲ್ 24ರಂದು ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಕಿಡಿಗೇಡಿಗಳು ಹಚ್ಚಿದ ಬೆಂಕಿಯಲ್ಲಿ ಶ್ರೀನಿವಾಸರು ವರ್ಷಗಟ್ಟಲೆ ವಿಂಗಡಿಸಿ ಇಟ್ಟಿದ್ದ ರಾಮಪುರದ ಟಿಪ್ಪಣಿಗಳು ಸುಟ್ಟುಹೋದವು. ಹೆಚ್ಚುಕಡಿಮೆ ನೆನಪಿನ ಬಲದಿಂದಲೇ ಅವರು ಆ ಊರಿನ ಬಗ್ಗೆ ಬರೆಯಬೇಕಾಯಿತು.