ಅಡುಗೆ ಪ್ರಶ್ನೋತ್ತರ: ರಟಟೂಯ್ ನೀರಾಗುವುದೇಕೆ?

ಪ್ರಶ್ನೆ: ಫ್ರಾನ್ಸಿನ ರಟಟೂಯ್ ಎಂಬ ತರಕಾರಿ ಅಡುಗೆಯನ್ನು ಎರಡು ಬಾರಿ ಮಾಡಿದೆ. ಹೆಚ್ಚಿದ ತರಕಾರಿಗಳನ್ನೆಲ್ಲ ಒಟ್ಟಿಗೆ ಹಾಕಿ, ಮುಚ್ಚಳ ಮುಚ್ಚಿ ಬೇಯಿಸಿದರೆ ಜುಕಿನಿ ಕರಗಿಹೋಗುತ್ತದೆ, ಬದನೆಕಾಯಿ ಮಾತ್ರ ಗಟ್ಟಿಯಾಗಿಯೇ ಉಳಿಯುತ್ತದೆ, ತಳದಲ್ಲಿ ನೀರು ನಿಲ್ಲುತ್ತದೆ. ತಪ್ಪು ಎಲ್ಲಿದೆ?

ಉತ್ತರ: ‘ಒಟ್ಟಿಗೆ’ ಮತ್ತು ‘ಮುಚ್ಚಳ’, ಈ ಎರಡರಲ್ಲಿಯೇ ಇದೆ. ನೀಸ್ ನಗರದ ಈ ಬೇಸಿಗೆ ಅಡುಗೆಗೆ ಬೀಳುವ ತರಕಾರಿಗಳ ತೂಕದಲ್ಲಿ ಶೇಕಡಾ 90ಕ್ಕೂ ಹೆಚ್ಚು ಭಾಗ ನೀರೇ ಆಗಿರುವುದರಿಂದ, ಮುಚ್ಚಿದ ಪಾತ್ರೆಯಲ್ಲಿ ಅವು ಹುರಿಯುವುದಿಲ್ಲ, ತಮ್ಮ ನೀರಿನಲ್ಲಿಯೇ ಕುದಿಯುತ್ತವೆ. ಜೊತೆಗೆ, ಟೊಮೆಟೊದ ಹುಳಿ ಉಳಿದ ತರಕಾರಿಗಳು ಮೆತ್ತಗಾಗುವುದನ್ನು ತಡೆಯುತ್ತದೆ. ನಿಮ್ಮ ಬದನೆಕಾಯಿ ಬೇಯದಿದ್ದುದಕ್ಕೆ ಅದೇ ಕಾರಣವಿರಬೇಕು.

ನಾಲ್ವರಿಗೆ ಬದನೆಕಾಯಿ ಮತ್ತು ಜುಕಿನಿ ತಲಾ 400 ಗ್ರಾಂ, ಮಾಗಿದ ಟೊಮೆಟೊ 500 ಗ್ರಾಂ, ದೊಣ್ಣೆ ಮೆಣಸಿನಕಾಯಿ ಎರಡು, ಈರುಳ್ಳಿ ಎರಡು, ಬೆಳ್ಳುಳ್ಳಿ ನಾಲ್ಕು ಎಸಳು ಸಾಕು. ಬದನೆಕಾಯಿಯ ಒಳಭಾಗ ಗಾಳಿ ತುಂಬಿದ ಸ್ಪಂಜಿನಂತಿದ್ದು, ಹಾಕಿದ ಎಣ್ಣೆಯನ್ನೆಲ್ಲ ಕುಡಿದುಬಿಡುತ್ತದೆ. ಆದ್ದರಿಂದ ಹೋಳುಗಳಿಗೆ ಉಪ್ಪು ಸವರಿ ಅರ್ಧ ಗಂಟೆ ಬಿಡಿ. ಮೇಲೆ ಹನಿಹನಿಯಾಗಿ ನೀರು ಒಸರಿದ ಮೇಲೆ ಬಟ್ಟೆಯಲ್ಲಿ ಒತ್ತಿ ಒರೆಸಿ, ಅಗಲ ಬಾಣಲೆಯಲ್ಲಿ ಆಲಿವ್ ಎಣ್ಣೆ ಕಾಯಿಸಿ, ಅಂಚು ಕೆಂಪಗಾಗುವವರೆಗೆ ಹುರಿದು ತೆಗೆದಿಡಿ. ಜುಕಿನಿಯನ್ನೂ ದೊಣ್ಣೆ ಮೆಣಸಿನಕಾಯಿಯನ್ನೂ ಹೀಗೆಯೇ ಬೇರೆಬೇರೆಯಾಗಿ ಹುರಿಯಬೇಕು. ಬಾಣಲೆಯನ್ನು ತುಂಬಬೇಡಿ, ಚುರ್ ಎನ್ನುವ ಸದ್ದು ನಿಂತಿತೆಂದರೆ ತರಕಾರಿ ಹೆಚ್ಚಾಯಿತು ಎಂದೇ ತಿಳಿಯಿರಿ.

ಕೊನೆಗೆ ಈರುಳ್ಳಿಯನ್ನು ಸಣ್ಣ ಉರಿಯಲ್ಲಿ ಬಾಡಿಸಿ, ಬೆಳ್ಳುಳ್ಳಿ, ಸಿಪ್ಪೆ ತೆಗೆದ ಟೊಮೆಟೊ, ಥೈಮ್ ಮತ್ತು ಒಂದು ಬೇ ಎಲೆ ಸೇರಿಸಿ, ಸೌಟು ಎಳೆದ ಗೆರೆ ಕ್ಷಣಕಾಲ ಹಾಗೆಯೇ ನಿಲ್ಲುವಷ್ಟು ಗಟ್ಟಿಯಾಗುವವರೆಗೆ ಮುಚ್ಚದೆ ಕುದಿಸಿ. ಹುರಿದಿಟ್ಟ ತರಕಾರಿಗಳು ಇದಕ್ಕೆ ಸೇರಿದ ಮೇಲೆ ಸಣ್ಣ ಉರಿಯಲ್ಲಿ 15ರಿಂದ 20 ನಿಮಿಷ ಸಾಕು. ಹೆಸರಿನೊಳಗಿರುವ ‘ತೂಯೇ’ ಎಂಬ ಫ್ರೆಂಚ್ ಕ್ರಿಯಾಪದಕ್ಕೆ ಕಲಕುವುದೆಂದೇ ಅರ್ಥವಿದ್ದರೂ ನೀವು ಆದಷ್ಟು ಕಡಿಮೆ ಕಲಕುವುದು ಒಳ್ಳೆಯದು. ಬೇಸಿಲ್ ಎಲೆಯನ್ನು ಒಲೆ ಆರಿಸಿದ ಬಳಿಕ ಹರಿದು ಹಾಕಿ. ಕೆಲಸ ಹೆಚ್ಚೆನಿಸಿದರೆ ಎರಡು ದಿನಕ್ಕಾಗುವಷ್ಟು ಮಾಡಿ ಫ್ರಿಜ್ಜಿನಲ್ಲಿಡಿ. ಮರುದಿನದ ರಟಟೂಯ್ ನನಗಂತೂ ಮೊದಲ ದಿನದ್ದಕ್ಕಿಂತ ಹೆಚ್ಚು ರುಚಿಸುತ್ತದೆ.

ಪ್ರಶ್ನೆ: ಚಿತ್ರಗಳಲ್ಲಿ ತೆಳುವಾದ ಬಿಲ್ಲೆಗಳನ್ನು ಸುತ್ತಲೂ ಒಪ್ಪವಾಗಿ ಜೋಡಿಸಿರುತ್ತಾರೆ. ಅದೇ ಅಸಲಿ ರಟಟೂಯ್ ಅಲ್ಲವೇ?

ಉತ್ತರ: ಅಲ್ಲ. ಅದು ಬಾಣಸಿಗ ಮಿಶೆಲ್ ಗೆರಾರ್ 1976ರಲ್ಲಿ ಪ್ರಕಟಿಸಿದ ‘ಕಾನ್ಫಿ ಬಿಯಾಲ್ಡಿ’ಯ ರೂಪ. ಓವನ್ನಿನಲ್ಲಿ ಬೇಯಿಸುವ ಆ ಅಡುಗೆ ನೋಡಲು ಚಂದ, ತಿನ್ನಲೂ ಚೆನ್ನ. ಆದರೆ ಮನೆಯ ರಟಟೂಯ್‌ಗೆ ಒರಟು ಹೋಳುಗಳೇ ಸರಿ.