ಆಸ್ಪತ್ರೆಯ ಕೌಂಟರ್ ಕೆಲಸಕ್ಕೆ ಡಿಪ್ಲೊಮಾ ಬೇಕೆ?

ದಾವಣಗೆರೆಯ ಓದುಗರೊಬ್ಬರ ಪತ್ರದ ಸಾರಾಂಶ ಇದು: ಬಿ.ಕಾಂ. ಮುಗಿಸಿರುವ ಮಗಳಿಗೆ ಆಸ್ಪತ್ರೆಯ ರಿಸೆಪ್ಷನ್ ಅಥವಾ ಬಿಲ್ಲಿಂಗ್ ವಿಭಾಗದಲ್ಲಿ ಕೆಲಸಕ್ಕೆ ಸೇರುವ ಆಸೆ. ಖಾಸಗಿ ತರಬೇತಿ ಕೇಂದ್ರವೊಂದು ಒಂದು ವರ್ಷದ ಡಿಪ್ಲೊಮಾಕ್ಕೆ ದುಬಾರಿ ಶುಲ್ಕ ಕೇಳಿ, ಉದ್ಯೋಗ ಖಚಿತವೆಂದು ಭರವಸೆ ಕೊಟ್ಟಿದೆ. ಸೇರಿಸಬಹುದೇ?

ಆತುರಪಡಬೇಡಿ ಎಂಬುದು ನಮ್ಮ ಸಲಹೆ. ನರ್ಸ್ ಅಥವಾ ಫಾರ್ಮಸಿಸ್ಟ್ ಆಗಲು ಕೌನ್ಸಿಲ್ ನೋಂದಣಿ ಕಡ್ಡಾಯ. ಕೌಂಟರಿನಲ್ಲಿ ಕೂರಲು ಅಂಥ ನಿಯಮವಿಲ್ಲ. ನಿಮ್ಮ ಮಗಳ ಪದವಿಯೇ ಸಾಕು, ಕಲಿಯಬೇಕಾದದ್ದು ಕೆಲಸದ ಒಳಸುಳಿಗಳನ್ನು.

ಹೆಸರು ಬರೆದುಕೊಳ್ಳುವುದನ್ನೇ ನೋಡಿ. ಆಧಾರ್‌ನಲ್ಲಿ ‘ಮಂಜುನಾಥ ಎಚ್.’ ಎಂದಿರುವವರು ವಿಮೆಯ ಕಾರ್ಡಿನಲ್ಲಿ ‘ಎಚ್.ಎಂ. ಮಂಜುನಾಥ್’ ಆಗಿರುತ್ತಾರೆ, ಬಾಯಲ್ಲಿ ಹೇಳುವ ವಯಸ್ಸೇ ಬೇರೆ, ದಾಖಲೆಯಲ್ಲಿರುವುದೇ ಬೇರೆ. ದಾಖಲಾಗುವಾಗ ಇದನ್ನು ಗಮನಿಸದಿದ್ದರೆ ಬಿಡುಗಡೆಯ ದಿನ ವಿಮಾ ಕಂಪನಿಯಿಂದ ಪ್ರಶ್ನೆ ಬರುತ್ತದೆ, ಆಗ ರೋಗಿಯ ಕಡೆಯವರು ಸಿಟ್ಟಾಗುವುದು ಕೌಂಟರಿನಲ್ಲಿರುವವರ ಮೇಲೆಯೇ. ನಗದುರಹಿತ ಚಿಕಿತ್ಸೆಯ ಕೋರಿಕೆಗೆ 1 ಗಂಟೆಯೊಳಗೆ, ಬಿಡುಗಡೆಯ ಅಂತಿಮ ಒಪ್ಪಿಗೆಗೆ 3 ಗಂಟೆಯೊಳಗೆ ಉತ್ತರಿಸಬೇಕೆಂದು ವಿಮಾ ನಿಯಂತ್ರಣ ಪ್ರಾಧಿಕಾರವು 2024ರಲ್ಲಿ ವಿಮಾ ಕಂಪನಿಗಳಿಗೆ ಸೂಚಿಸಿದೆ. ಆದರೆ ಡಿಸ್ಚಾರ್ಜ್ ಸಮ್ಮರಿಗೆ ವೈದ್ಯರ ಸಹಿಯಾಗಿ, ವಾರ್ಡಿನಿಂದ ಮರಳಿದ ಔಷಧಿಗಳ ಲೆಕ್ಕ ಕಳೆದು, ಅಂತಿಮ ಬಿಲ್ ಸಿದ್ಧವಾಗಿ ಅಪ್‌ಲೋಡ್ ಆಗುವವರೆಗೆ ಆ ಗಡಿಯಾರ ಓಡತೊಡಗುವುದೇ ಇಲ್ಲ. ಈ ಮೂರನ್ನೂ ಬೆನ್ನುಹತ್ತಿ ಮಾಡಿಸುವ ಚುರುಕುತನವನ್ನು ಯಾವ ಪಠ್ಯಪುಸ್ತಕವೂ ಕಲಿಸದು.

ನಮ್ಮ ರಾಜ್ಯದಲ್ಲಿ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ತಿಳಿವಳಿಕೆಯೂ ಬೇಕು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಸೌಲಭ್ಯವಿದ್ದರೂ, ತುರ್ತು ಸಂದರ್ಭಗಳನ್ನು ಬಿಟ್ಟರೆ, ಖಾಸಗಿ ಆಸ್ಪತ್ರೆಗೆ ಬರುವವರ ಕೈಯಲ್ಲಿ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಇರಬೇಕಾಗುತ್ತದೆ. ಇದನ್ನು ಮೊದಲೇ ವಿವರಿಸದೆ ದಾಖಲಿಸಿಕೊಂಡರೆ ಬಡವರು ಸಾಲದ ಪಾಲಾಗುತ್ತಾರೆ. ಅಪಘಾತದ ಗಾಯಾಳು ಬಂದಾಗ ಪೊಲೀಸ್ ಕಾಗದಪತ್ರಗಳಿಗೆ ಕಾಯದೆ ಮೊದಲು ಚಿಕಿತ್ಸೆ ನೀಡಬೇಕೆಂದು ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ. ರಾತ್ರಿ ಪಾಳಿಯಲ್ಲಿ ಒಬ್ಬಳೇ ಕುಳಿತ ಹುಡುಗಿಗೆ ಇದು ಗೊತ್ತಿರಲೇಬೇಕು. ರೋಗದ ವಿವರವನ್ನು ಸರದಿಯಲ್ಲಿ ನಿಂತವರಿಗೆಲ್ಲ ಕೇಳುವಂತೆ ಕೂಗಿ ವಿಚಾರಿಸಬಾರದೆಂಬುದೂ ತರಬೇತಿಯ ಭಾಗವೇ, ಆದರೆ ದೊಡ್ಡ ಆಸ್ಪತ್ರೆಗಳಲ್ಲೂ ಅದು ಪಾಲನೆಯಾಗುವುದು ಅಪರೂಪ.

ಕಂಪ್ಯೂಟರ್, ಎಕ್ಸೆಲ್, ಕನ್ನಡ ಟೈಪಿಂಗ್‌ಗಳನ್ನು ಕಡಿಮೆ ಖರ್ಚಿನಲ್ಲಿ ಬೇರೆಡೆಯೂ ಕಲಿಯಬಹುದು. ಪ್ರಮಾಣಪತ್ರ ಬೇಕೇ ಬೇಕೆಂದರೆ, ಆರೋಗ್ಯ ವಲಯದ ಕೌಶಲ ಮಂಡಳಿಯ ‘ಹಾಸ್ಪಿಟಲ್ ಫ್ರಂಟ್ ಡೆಸ್ಕ್ ಕೋಆರ್ಡಿನೇಟರ್’ ಕೋರ್ಸ್ ಹತ್ತಿರದಲ್ಲಿ ಎಲ್ಲಾದರೂ ನಡೆಯುತ್ತಿದೆಯೇ ಎಂದು ವಿಚಾರಿಸಿ.

ಆ ಖಾಸಗಿ ಕೇಂದ್ರದವರನ್ನು ಒಂದು ಮಾತು ಕೇಳಿ: ಅಭ್ಯಾಸಕ್ಕೆ ಯಾವ ಆಸ್ಪತ್ರೆಗೆ, ಎಷ್ಟು ತಿಂಗಳು ಕಳುಹಿಸುತ್ತೀರಿ, ಬರೆದುಕೊಡುತ್ತೀರಾ? ತಡವರಿಸಿದರೆ ಹಣ ಕಟ್ಟಬೇಡಿ. ನಿಮ್ಮೂರಿನ ಮಧ್ಯಮ ಗಾತ್ರದ ನರ್ಸಿಂಗ್ ಹೋಮ್ ಒಂದರಲ್ಲಿ ಟ್ರೈನಿಯಾಗಿ ಸೇರಲಿ. ಅಲ್ಲಿ ನೋಂದಣಿ, ಬಿಲ್ಲು, ವಿಮೆ ಎಲ್ಲವೂ ಒಬ್ಬರದೇ ಕೈಯಲ್ಲಿ ಹಾದುಹೋಗುವುದರಿಂದ ಕಲಿಕೆ ಬೇಗ ಆಗುತ್ತದೆ. ಸಂಬಳ ಮೊದಮೊದಲು ಕಡಿಮೆಯೇ. ಸೇರುವ ಮುನ್ನ ರಾತ್ರಿ ಪಾಳಿ ಎಷ್ಟು, ಮನೆಗೆ ಬಿಡುವ ವಾಹನವಿದೆಯೇ ಎಂಬುದನ್ನು ನೀವೇ ಹೋಗಿ ಕೇಳಿಕೊಂಡು ಬನ್ನಿ.

– ಸಂ.